ದಂಗೆ ಎದ್ದ ದಂಡನಾಯಕ: ಜನರಲ್ ಸಲಾನ್ ಕುರಿತ ಕಲ್ಪನೆಗಳು, ನಡೆದ ಸಂಗತಿಗಳು

ಫ್ರೆಡೆರಿಕ್ ಫೋರ್ಸೈತ್ ಬರೆದ ‘ದ ಡೇ ಆಫ್ ದ ಜಾಕಲ್’ ಕಾದಂಬರಿಯನ್ನು ಓದಿದವರಿಗೆ, ಅದರ ಸಿನಿಮಾ ನೋಡಿದವರಿಗೆ ಓಎಎಸ್ ಎಂಬ ಹೆಸರು ಪರಿಚಿತ. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್‌ನನ್ನು ಮುಗಿಸಲು ಬಾಡಿಗೆ ಹಂತಕನನ್ನು ಗೊತ್ತುಮಾಡುವ ಗುಪ್ತ ಸಂಘಟನೆ ಅದು. ಹಂತಕ ಕಾದಂಬರಿಕಾರನ ಸೃಷ್ಟಿ, ಸಂಘಟನೆ ಮಾತ್ರ ನಿಜ, ಅಲ್ಜೀರಿಯಾವನ್ನು ಫ್ರಾನ್ಸಿನಲ್ಲೇ ಉಳಿಸಿಕೊಳ್ಳಲು ಹುಟ್ಟಿದ್ದು. ಅದರ ತಲೆಯಾಳು ರೌಲ್ ಸಲಾನ್ ಫ್ರೆಂಚ್ ಸೇನೆಯಲ್ಲೇ ಅತಿ ಹೆಚ್ಚು ಪದಕಗಳನ್ನು ಗಳಿಸಿದ ಅಧಿಕಾರಿ ಎಂದು ಹೆಸರಾದವನು. 1899ರಲ್ಲಿ ದಕ್ಷಿಣ ಫ್ರಾನ್ಸಿನ ಸಣ್ಣ ಊರೊಂದರಲ್ಲಿ ಹುಟ್ಟಿ, ಹದಿನೆಂಟಕ್ಕೆ ಸೇನಾ ಶಾಲೆ ಸೇರಿ, ಎರಡು ಮಹಾಯುದ್ಧಗಳಲ್ಲೂ ಇಂಡೋಚೀನಾದಲ್ಲೂ ಕಾದಾಡಿ, ದಂಡನಾಯಕನಾಗಿ ನಿವೃತ್ತನಾದವನು. 1962ರ ಮೇ ತಿಂಗಳಲ್ಲಿ ಅದೇ ಮನುಷ್ಯ ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ಎದ್ದುನಿಂತು, ಓಎಎಸ್‌ನ ಮುಖ್ಯಸ್ಥ ತಾನೇ, ಹೊಣೆಯೆಲ್ಲ ತನ್ನದೇ ಎಂದು ಹೇಳಿಕೆ ಕೊಟ್ಟು, ಆಮೇಲೆ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪದೆ ಕುಳಿತ.

ನಾಲ್ಕು ದಶಕ ಆಜ್ಞೆ ಪಾಲಿಸಿದವನು ಸರ್ಕಾರದ ಮೇಲೆ ತಿರುಗಿಬಿದ್ದದ್ದೇಕೆ? ಜನ ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತಾರೆ. ಅವನು ಹುಟ್ಟಾ ಫ್ಯಾಸಿಸ್ಟ್ ಎನ್ನುವುದು ಒಂದು, ಕೊಟ್ಟ ಮಾತಿಗೆ ತಪ್ಪದ ಸಿಪಾಯಿ ಎನ್ನುವುದು ಇನ್ನೊಂದು. ನಡೆದದ್ದನ್ನು ಬಿಡಿಸಿ ನೋಡಿದರೆ ಎರಡೂ ನಿಲ್ಲುವುದಿಲ್ಲ.

ಕಲ್ಪನೆ: ಅಲ್ಜೀರಿಯಾ ಉಳಿದ ವಸಾಹತುಗಳಂತೆಯೇ ಒಂದು, ಅದನ್ನು ಬಿಡಲು ಅಷ್ಟೊಂದು ರಕ್ತ ಏಕೆ ಹರಿಯಬೇಕಿತ್ತು?

1954ರ ನವೆಂಬರ್ 1ರಂದು ಎರಡು ಘಟನೆಗಳು ನಡೆದವು. ಅಂದು ಪುದುಚೇರಿಯ ಆಡಳಿತ ಫ್ರಾನ್ಸಿನಿಂದ ಭಾರತದ ಕೈಗೆ ಬಂತು, ಮಾತುಕತೆಯ ಮೂಲಕ. ಅದೇ ದಿನ ಅಲ್ಜೀರಿಯಾದಲ್ಲಿ ರಾಷ್ಟ್ರೀಯ ವಿಮೋಚನಾ ರಂಗ, ಅಂದರೆ ಎಫ್‌ಎಲ್‌ಎನ್, ಸಶಸ್ತ್ರ ಹೋರಾಟ ಶುರುಮಾಡಿತು. ಒಂದೇ ದೇಶ ಎರಡು ಕಡೆ ಇಷ್ಟು ಬೇರೆಯಾಗಿ ನಡೆದುಕೊಂಡದ್ದಕ್ಕೆ ಕಾರಣ ಕಾನೂನಿನಲ್ಲೂ ಜನಸಂಖ್ಯೆಯಲ್ಲೂ ಇದೆ. 1830ರಲ್ಲಿ ಗೆಲ್ಲಲು ತೊಡಗಿದ ಅಲ್ಜೀರಿಯಾವನ್ನು ಫ್ರಾನ್ಸ್ 1848ರಲ್ಲೇ ತನ್ನ ಜಿಲ್ಲೆಗಳಾಗಿ ವಿಂಗಡಿಸಿ ಸ್ವಂತ ನೆಲದ ಭಾಗವೆಂದು ಘೋಷಿಸಿತ್ತು. ಸುಮಾರು ಹತ್ತು ಲಕ್ಷ ಯುರೋಪಿಯನ್ ಮೂಲದವರು ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದರು. ಅವರ ಸುತ್ತಲಿದ್ದ ತೊಂಬತ್ತು ಲಕ್ಷದಷ್ಟು ಮುಸ್ಲಿಮರಿಗೆ ಮಾತ್ರ ಸಮಾನ ಮತವಿರಲಿಲ್ಲ, ಒಳ್ಳೆಯ ಜಮೀನೂ ಅವರ ಕೈಯಲ್ಲಿ ಉಳಿದಿರಲಿಲ್ಲ. ಅಲ್ಜೀರಿಯಾ ನಮ್ಮದೇ ನೆಲ ಎನ್ನುತ್ತಲೇ ಅಲ್ಲಿನ ಬಹುಪಾಲು ಜನರನ್ನು ನಮ್ಮವರೆಂದು ಒಪ್ಪದ ಈ ವ್ಯವಸ್ಥೆಯನ್ನು ಕಾಯುವ ಕೆಲಸ ಸೇನೆಯ ಪಾಲಿಗೆ ಬಂತು.

ಕಲ್ಪನೆ: ಸಲಾನ್ ಮೊದಲಿನಿಂದಲೂ ಯುರೋಪಿಯನ್ ವಲಸಿಗರ ಕಡೆಯ ಮನುಷ್ಯ.

1957ರ ಜನವರಿ 16ರಂದು ಅಲ್ಜಿಯರ್ಸ್‌ನಲ್ಲಿ ಆಗ ಅಲ್ಜೀರಿಯಾದ ಸೇನಾ ಮುಖ್ಯಸ್ಥನಾಗಿದ್ದ ಸಲಾನ್‌ನ ಕಚೇರಿಯ ಮೇಲೆ ಬಜೂಕಾ ದಾಳಿ ನಡೆಯಿತು. ಸ್ವಲ್ಪ ಹೊತ್ತಿನ ಮುಂಚೆ ಆತ ಕೋಣೆಯಿಂದ ಹೊರಗೆ ಹೋಗಿದ್ದರಿಂದ ಬದುಕಿದ. ಅವನ ಕೈಕೆಳಗಿನ ಅಧಿಕಾರಿ ಮೇಜರ್ ರೋದಿಯೆ ಸತ್ತ. ದಾಳಿ ಮಾಡಿದವರು ಎಫ್‌ಎಲ್‌ಎನ್‌ನವರಲ್ಲ, ‘ಅಲ್ಜೀರಿಯಾ ಫ್ರಾನ್ಸಿನದೇ’ ಎಂದು ಕೂಗುತ್ತಿದ್ದ ಯುರೋಪಿಯನ್ ಉಗ್ರರು. ಅವರ ಕಣ್ಣಿಗೆ ಸಲಾನ್ ಇಂಡೋಚೀನಾ ಕಳೆದುಕೊಂಡು ಬಂದವನು, ಅಲ್ಜೀರಿಯಾವನ್ನೂ ಮಾರಿಬಿಡುವವನು.

ಆ ಆರೋಪವೂ ಸುಳ್ಳೇ. ಇಂಡೋಚೀನಾದಲ್ಲಿ ಫ್ರಾನ್ಸ್ ಸೋತದ್ದು 1954ರಲ್ಲಿ, ದಿಯೆನ್ ಬಿಯೆನ್ ಫೂನಲ್ಲಿ, ಜನರಲ್ ನವಾರ್‌ನ ಕಾಲದಲ್ಲಿ. ಸಲಾನ್ ಹಿಂದಿನ ವರ್ಷವೇ ಅಧಿಕಾರ ಬಿಟ್ಟುಕೊಟ್ಟಿದ್ದ. 1952ರ ಕೊನೆಯಲ್ಲಿ ನಾ ಸಾನ್ ಎಂಬಲ್ಲಿ, ವಿಮಾನದಿಂದಲೇ ಸರಬರಾಜು ಪಡೆಯುವ ಕೋಟೆಯಂಥ ಶಿಬಿರ ಕಟ್ಟಿ ವಿಯೆಟ್ನಾಂ ಸ್ವಾತಂತ್ರ್ಯ ಹೋರಾಟದ ಪಡೆ ವಿಯೆತ್‌ಮಿನ್‌ನ ದಾಳಿಯನ್ನು ಹಿಮ್ಮೆಟ್ಟಿಸಿದ್ದ. ಆ ಗೆಲುವಿನ ಮಾದರಿಯನ್ನೇ ನಂಬಿ ನವಾರ್ ದಿಯೆನ್ ಬಿಯೆನ್ ಫೂಗೆ ಇಳಿದ. ಲಾವೊ ಭಾಷೆ ಕಲಿತು, ವರ್ಷಗಟ್ಟಲೆ ಪೂರ್ವದಲ್ಲಿ ಬಾಳಿದ ಸಲಾನ್‌ನನ್ನು ಸಹೋದ್ಯೋಗಿಗಳು ‘ಮ್ಯಾಂಡರಿನ್’ ಎಂದು ಕರೆಯುತ್ತಿದ್ದರು. 1946ರಲ್ಲಿ ವಿಯೆತ್‌ಮಿನ್ ನಾಯಕ ಹೋ ಚಿ ಮಿನ್ ಮಾತುಕತೆಗೆಂದು ಫ್ರಾನ್ಸಿಗೆ ಹೋದಾಗ ಜೊತೆಗೆ ಹೋದ ಅಧಿಕಾರಿಯೂ ಇವನೇ. ಲೆಕ್ಕಹಾಕಿ ಹೆಜ್ಜೆಯಿಡುವ, ಮನಸ್ಸಿನಲ್ಲಿರುವುದನ್ನು ಹೊರಗೆಡಹದ ಇಂಥವನು ಹುಟ್ಟಾ ಉಗ್ರನಾಗಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ಹುಟ್ಟಾ ಉಗ್ರನಾಗಿದ್ದರೆ ಅವನನ್ನು ಅರ್ಥಮಾಡಿಕೊಳ್ಳುವುದು ಸುಲಭವಿತ್ತು.

ಕಲ್ಪನೆ: ಡಿ ಗಾಲ್‌ಗೂ ಸಲಾನ್‌ಗೂ ಹಳೆಯ ಹಗೆ.

ಹಗೆಯ ಮಾತು ಹಾಗಿರಲಿ, ಡಿ ಗಾಲ್‌ನನ್ನು ಅಧಿಕಾರಕ್ಕೆ ತಂದವರಲ್ಲಿ ಸಲಾನ್ ಪ್ರಮುಖ. 1958ರ ಮೇ 13ರಂದು ಅಲ್ಜಿಯರ್ಸ್‌ನಲ್ಲಿ ವಲಸಿಗರ ಗುಂಪು ಸರ್ಕಾರಿ ಭವನಕ್ಕೆ ನುಗ್ಗಿತು. ಪ್ಯಾರಿಸ್ ಸರ್ಕಾರ ಪರಿಸ್ಥಿತಿ ನಿಭಾಯಿಸಲು ಸಲಾನ್‌ಗೇ ಅಧಿಕಾರ ಕೊಟ್ಟಿತು. ಎರಡು ದಿನಗಳ ಬಳಿಕ ಆತ ಬಾಲ್ಕನಿಯಿಂದ ಜನರ ಮುಂದೆ ಮಾತಾಡಿ, ಕೊನೆಯಲ್ಲಿ ಡಿ ಗಾಲ್‌ಗೆ ಜಯಕಾರ ಹಾಕಿದ. ತಿಂಗಳ ಕೊನೆಯೊಳಗೆ ಕಾರ್ಸಿಕಾ ದ್ವೀಪ ದಂಗೆಕೋರರ ವಶವಾಯಿತು, ಪ್ಯಾರಿಸ್ಸಿನ ಮೇಲೆ ಪ್ಯಾರಾಟ್ರೂಪರ್‌ಗಳನ್ನು ಇಳಿಸುವ ಯೋಜನೆ ಸಿದ್ಧವಾಯಿತು. ಜೂನ್ 1ರಂದು ಸಂಸತ್ತು ಡಿ ಗಾಲ್‌ಗೆ ಮಣಿಯಿತು. ನಾಲ್ಕನೆಯ ಗಣರಾಜ್ಯದ ಕಥೆ ಅಲ್ಲಿಗೆ ಮುಗಿಯಿತು.

1961ರಲ್ಲಿ ಜನರಲ್‌ಗಳು ಎದ್ದ ದಂಗೆಯ ಬೇರು ಇಲ್ಲೇ ಇದೆ ಎಂಬುದು ನನ್ನ ಎಣಿಕೆ. ಸೇನೆ ಬೆದರಿಸಿದರೆ ಸರ್ಕಾರ ಬೀಳುತ್ತದೆ ಎಂಬುದನ್ನು ಆ ಮೇ ತಿಂಗಳು ಜನರಲ್‌ಗಳಿಗೆ ತೋರಿಸಿಕೊಟ್ಟಿತು. ಶಿಕ್ಷೆಯಾಗುವುದಿರಲಿ, ಅವರಿಗೆ ಕೃತಜ್ಞತೆಯೂ ಸಂದಿತು. ಡಿ ಗಾಲ್ ಮಾತ್ರ ಬೇರೆ ದಾರಿ ಹಿಡಿದ. 1958ರ ಡಿಸೆಂಬರ್‌ನಲ್ಲಿ ಸಲಾನ್‌ನನ್ನು ಅಲ್ಜೀರಿಯಾದಿಂದ ಎತ್ತಿ, ಕೆಲಸವಿಲ್ಲದ ಗೌರವದ ಹುದ್ದೆಗಳಲ್ಲಿ ಕೂರಿಸಿದ. 1959ರ ಸೆಪ್ಟೆಂಬರ್ 16ರಂದು ಅಲ್ಜೀರಿಯಾದವರಿಗೆ ತಮ್ಮ ಭವಿಷ್ಯ ತಾವೇ ನಿರ್ಧರಿಸುವ ಹಕ್ಕಿದೆ ಎಂದು ಘೋಷಿಸಿದ. 1960ರಲ್ಲಿ ನಿವೃತ್ತನಾದ ಸಲಾನ್ ಅಲ್ಜಿಯರ್ಸ್‌ಗೆ ಹೋಗಿ ನೆಲೆಸಿದ. ಮುಂದೆ ಫ್ರಾನ್ಸಿಗೆ ಬಂದವನನ್ನು ಅಲ್ಲಿಗೆ ಮರಳದಂತೆ ಸರ್ಕಾರ ತಡೆದಾಗ ಸ್ಪೇನಿಗೆ ಹೊರಟುಹೋದ. ಮೋಸಹೋದೆ ಎಂಬ ಸಿಟ್ಟು ಅವನಲ್ಲಿ ನಿಜವಾಗಿಯೂ ಇತ್ತು. ಆದರೆ 1961ರ ಜನವರಿಯ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ 75ರಷ್ಟು ಜನ ಸ್ವಯಂನಿರ್ಣಯಕ್ಕೆ ಒಪ್ಪಿದ್ದರು. ಆಮೇಲೆ ಸಲಾನ್ ಎದುರಿಸಿದ್ದು ಡಿ ಗಾಲ್‌ನನ್ನಷ್ಟೇ ಅಲ್ಲ, ಸ್ವಂತ ದೇಶದ ಮತದಾರರನ್ನು.

ಕಲ್ಪನೆ: 1961ರ ದಂಗೆಗೆ ಅವನೇ ನಾಯಕ, ಸೇನೆಯೆಲ್ಲ ಅವನ ಬೆನ್ನಿಗಿತ್ತು.

ನಾಯಕ ವಾಯುಪಡೆಯ ಜನರಲ್ ಮೊರಿಸ್ ಷಾಲ್. ಜೊತೆಗೆ ಜನರಲ್‌ಗಳಾದ ಜೂವೊ ಮತ್ತು ಝೆಲ್ಲೆರ್. ಏಪ್ರಿಲ್ 21ರ ರಾತ್ರಿ ಅವರು ಅಲ್ಜಿಯರ್ಸ್ ಹಿಡಿದರು. ಸಲಾನ್ ಮ್ಯಾಡ್ರಿಡ್‌ನಿಂದ ಬಂದು ಸೇರಿಕೊಂಡದ್ದು 23ರಂದು. ಅಂದು ಸಂಜೆ ಡಿ ಗಾಲ್ ಸಮವಸ್ತ್ರ ತೊಟ್ಟು ದೂರದರ್ಶನದಲ್ಲಿ, ರೇಡಿಯೋದಲ್ಲಿ ಮಾತಾಡಿ, ಈ ಜನರಲ್‌ಗಳ ಆಜ್ಞೆ ಯಾರೂ ಪಾಲಿಸಕೂಡದು ಎಂದ. ಅಲ್ಜೀರಿಯಾದ ಸೇನಾ ಠಾಣೆಗಳಲ್ಲಿ ಕಡ್ಡಾಯ ಸೇವೆಗೆ ಬಂದಿದ್ದ ಹುಡುಗರು ಟ್ರಾನ್ಸಿಸ್ಟರ್‌ಗಳಲ್ಲಿ ಆ ಭಾಷಣ ಕೇಳಿ, ದಂಗೆಯ ಅಧಿಕಾರಿಗಳಿಗೆ ಸಹಕರಿಸಲಿಲ್ಲ. ನಾಲ್ಕೇ ದಿನದಲ್ಲಿ ಎಲ್ಲ ಕುಸಿಯಿತು. ಷಾಲ್ ಶರಣಾದ, ಸಲಾನ್ ಮತ್ತು ಜೂವೊ ಭೂಗತರಾಗಿ ಓಎಎಸ್ ನಡೆಸತೊಡಗಿದರು. ಪದಕ ತೊಟ್ಟ ಸೇನಾಪತಿಗಳಿಗಿಂತ ಇಪ್ಪತ್ತರ ಹರೆಯದ ಆ ಸಿಪಾಯಿಗಳು ಗಣರಾಜ್ಯವನ್ನು ಚೆನ್ನಾಗಿ ಅರಿತಿದ್ದರು.

ಕಲ್ಪನೆ: ಓಎಎಸ್‌ನ ಗುರಿ ಡಿ ಗಾಲ್ ಒಬ್ಬನೇ.

ಇದು ಕಾದಂಬರಿಯಿಂದ ಬಂದ ತಪ್ಪು, ಎಲ್ಲಕ್ಕಿಂತ ಹಾನಿಕರವಾದದ್ದೂ ಹೌದು. ಅಧ್ಯಕ್ಷನ ಕಾರಿನ ಮೇಲಿನ ದಾಳಿ ರೋಚಕ, ಸಿನಿಮಾಕ್ಕೆ ಒಗ್ಗುವಂಥದ್ದು. ಆದರೆ ಓಎಎಸ್ ಕೊಂದವರಲ್ಲಿ ಬಹುಪಾಲು ಅಲ್ಜೀರಿಯಾದ ಸಾಮಾನ್ಯ ಮುಸ್ಲಿಮರು, ಅಲ್ಲದೆ ಶಾಂತಿ ಬಯಸಿದ ಯುರೋಪಿಯನ್ನರು. 1962ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಹೊರವಲಯದಲ್ಲಿ ಸಚಿವ, ಲೇಖಕ ಆಂದ್ರೆ ಮಾಲ್ರೋ ವಾಸವಿದ್ದ ಕಟ್ಟಡದಲ್ಲಿ ಬಾಂಬ್ ಇಟ್ಟರು. ಗಾಜು ಚುಚ್ಚಿ ಕಣ್ಣು ಕಳೆದುಕೊಂಡದ್ದು ಕೆಳಮಹಡಿಯಲ್ಲಿ ಆಟವಾಡುತ್ತಿದ್ದ ನಾಲ್ಕು ವರ್ಷದ ಹುಡುಗಿ. ಅದೇ ತಿಂಗಳ 23ರಂದು ಸಲಾನ್ ದಾಳಿಯನ್ನು ಎಲ್ಲೆಡೆ ವಿಸ್ತರಿಸುವಂತೆ ಲಿಖಿತ ನಿರ್ದೇಶನ ಹೊರಡಿಸಿದ. ಕೆಳಗಿನವರು ಕೈಮೀರಿ ಹೋದರು, ಮುದುಕ ಜನರಲ್‌ಗೆ ಏನೂ ಗೊತ್ತಿರಲಿಲ್ಲ ಎಂಬ ಸಮಜಾಯಿಷಿ ಆ ಕಾಗದದ ಮುಂದೆ ನಡೆಯುವುದಿಲ್ಲ.

ಮೂರು ವಾರದ ಬಳಿಕ, ಮಾರ್ಚ್ 15ರಂದು, ಅಲ್ಜಿಯರ್ಸ್‌ನ ಎಲ್ ಬಿಯಾರ್‌ನಲ್ಲಿ ಶಿಕ್ಷಣ ಕೇಂದ್ರಗಳ ಅಧಿಕಾರಿಗಳ ಸಭೆಗೆ ಓಎಎಸ್‌ನವರು ನುಗ್ಗಿದರು. ಹೆಸರು ಕೂಗಿ ಆರು ಜನರನ್ನು ಹೊರಗೆ ಕರೆದು, ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. ಅವರಲ್ಲೊಬ್ಬ ಮುಲೂದ್ ಫೆರಾವೂನ್. ಕಬಿಲಿಯಾದ ಬಡ ರೈತನ ಮಗ, ಶಾಲಾ ಮಾಸ್ತರ, ಫ್ರೆಂಚ್‌ನಲ್ಲಿ ಬರೆದ ಕಾದಂಬರಿಕಾರ, ಆಲ್ಬರ್ಟ್ ಕಮೂನ ಗೆಳೆಯ. ಯುದ್ಧದ ದಿನಗಳಲ್ಲಿ ಬರೆದಿಟ್ಟ ದಿನಚರಿಯಲ್ಲಿ ಫ್ರೆಂಚ್ ಸೇನೆಯ ಕ್ರೌರ್ಯವನ್ನೂ ಎಫ್‌ಎಲ್‌ಎನ್‌ನ ಕ್ರೌರ್ಯವನ್ನೂ ಮುಚ್ಚಿಡದೆ ದಾಖಲಿಸಿದವನು. ಫ್ರೆಂಚ್ ಶಾಲೆಯ ಶ್ರೇಷ್ಠ ಫಲ ಎನ್ನಬಹುದಾದ ಆ ಮನುಷ್ಯನನ್ನು ಫ್ರಾನ್ಸಿನ ಹೆಸರು ಹೇಳಿಕೊಂಡೇ ಕೊಂದರು. ಮೂರು ದಿನಕ್ಕೆ, ಅಲ್ಜೀರಿಯಾದ ಬಿಡುಗಡೆಗೆ ದಾರಿ ತೆರೆದ, ಫ್ರಾನ್ಸ್ ಮತ್ತು ಎಫ್‌ಎಲ್‌ಎನ್ ನಡುವಿನ ಎವಿಯಾ ಒಪ್ಪಂದಕ್ಕೆ ಸಹಿ ಬಿತ್ತು, ಮರುದಿನ ಕದನವಿರಾಮ. ಏಪ್ರಿಲ್ 20ರಂದು ಸಲಾನ್ ಅಲ್ಜಿಯರ್ಸ್‌ನಲ್ಲಿ ಸೆರೆಸಿಕ್ಕ. ಜೂನ್‌ನಲ್ಲಿ ಓಎಎಸ್‌ನ ಉಳಿದವರು ಅಲ್ಜಿಯರ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಬೆಂಕಿಯಿಟ್ಟರು.

ಕಲ್ಪನೆ: ಕೊಟ್ಟ ಮಾತು ಉಳಿಸಿಕೊಳ್ಳಲು ಅವನಿಗೆ ಬೇರೆ ದಾರಿ ಇರಲಿಲ್ಲ.

ಈ ವಾದವನ್ನು ತಳ್ಳಿಹಾಕುವ ಮುನ್ನ ಅದರಲ್ಲಿರುವ ಸತ್ಯವನ್ನು ಒಪ್ಪಬೇಕು. ಫ್ರಾನ್ಸ್ ಎಂದೂ ಬಿಟ್ಟುಹೋಗುವುದಿಲ್ಲ ಎಂದು ಅಧಿಕಾರಿಗಳು ಹಳ್ಳಿಹಳ್ಳಿಗಳಲ್ಲಿ ಮಾತು ಕೊಟ್ಟಿದ್ದರು. ಅದನ್ನು ನಂಬಿ ಫ್ರೆಂಚ್ ಸೇನೆಯ ಜೊತೆ ನಿಂತ ಅಲ್ಜೀರಿಯನ್ ಸಹಾಯಕ ಪಡೆಯವರು, ಹರ್ಕಿಗಳು, 1962ರಲ್ಲಿ ನಡುನೀರಿನಲ್ಲಿ ಉಳಿದರು. ಅವರನ್ನು ಫ್ರಾನ್ಸಿಗೆ ಕರೆತರಬೇಡಿ ಎಂದು ಸರ್ಕಾರವೇ ಆದೇಶ ಕಳಿಸಿತು. ಸಾವಿರಾರು ಜನ ಕೊಲೆಯಾದರು. ಫ್ರಾನ್ಸಿನ ಅಧ್ಯಕ್ಷ ಅವರ ಕ್ಷಮೆ ಕೋರಿದ್ದು 2021ರಲ್ಲಿ. ಈ ಕಳಂಕ ಡಿ ಗಾಲ್ ಸರ್ಕಾರದ್ದು.

ಆದರೆ ಓಎಎಸ್‌ನ ಬಾಂಬುಗಳು ಒಬ್ಬ ಹರ್ಕಿಯನ್ನೂ ಉಳಿಸಲಿಲ್ಲ. ಎರಡು ಸಮುದಾಯಗಳು ಕೂಡಿ ಬಾಳುವ ಸಣ್ಣ ಆಸೆಯನ್ನೂ ಅವು ಸುಟ್ಟವು. ಯುರೋಪಿಯನ್ನರು ಗಂಟುಮೂಟೆ ಕಟ್ಟಿ ಹಡಗು ಹತ್ತಲು ಒಂದು ಕಾರಣ ಅದೇ ಸಂಘಟನೆ ಹಚ್ಚಿದ ಕಿಚ್ಚು. ಬೇರೆ ದಾರಿ ಇರಲಿಲ್ಲ ಎಂಬುದೂ ಸುಳ್ಳು. ಅದನ್ನು ತೋರಿಸಿದವನು ಜನರಲ್ ಝಾಕ್ ದ ಬೊಲ್ಲಾರ್ದಿಯೆರ್. 1940ರಲ್ಲಿ ನಾರ್ವೆಯ ನಾರ್ವಿಕ್‌ನಲ್ಲಿ ಹೋರಾಡಿ, ಫ್ರಾನ್ಸ್ ಸೋತಾಗ ಡಿ ಗಾಲ್‌ನ ಮುಕ್ತ ಫ್ರೆಂಚ್ ಪಡೆ ಸೇರಿ, ಅದಕ್ಕಾಗಿ ನಾಜಿಗಳೊಡನೆ ಸಹಕರಿಸಿದ ವಿಶೀ ಸರ್ಕಾರದಿಂದ ಮರಣದಂಡನೆ ಹೇಳಿಸಿಕೊಂಡ ವೀರ. 1957ರ ಮಾರ್ಚ್‌ನಲ್ಲಿ ಅಲ್ಜೀರಿಯಾದಲ್ಲಿ ಕೈದಿಗಳಿಗೆ ಚಿತ್ರಹಿಂಸೆ ಕೊಡುವುದನ್ನು ಒಪ್ಪದೆ, ತನ್ನನ್ನು ಹುದ್ದೆಯಿಂದ ಬಿಡುಗಡೆ ಮಾಡಿ ಎಂದು ಕೇಳಿದ. ಪತ್ರಿಕೆಯಲ್ಲಿ ಅವನ ಪತ್ರ ಪ್ರಕಟವಾದದ್ದಕ್ಕೆ ಕೋಟೆಯಲ್ಲಿ 60 ದಿನಗಳ ಬಂಧನ ಸಿಕ್ಕಿತು. ಜನರಲ್‌ಗಳ ದಂಗೆಯ ಬಳಿಕ ಸೇನೆಯನ್ನೇ ಬಿಟ್ಟ. 1973ರಲ್ಲಿ ಪೆಸಿಫಿಕ್ ಸಾಗರದ ಮುರುರೋವಾದಲ್ಲಿನ ಫ್ರೆಂಚ್ ಅಣುಪರೀಕ್ಷೆ ವಿರೋಧಿಸಿ ಪ್ರತಿಭಟನೆಯ ಹಡಗಿನಲ್ಲಿ ಹೋಗಿ ಫ್ರೆಂಚ್ ನೌಕಾಪಡೆಯ ಕೈಗೇ ಸಿಕ್ಕ. ಉಳಿದ ಬದುಕನ್ನು ಅಹಿಂಸಾ ಚಳವಳಿಗೆ ಕೊಟ್ಟ.

ಕಲ್ಪನೆ: ಕೊನೆಗೆ ಸಲಾನ್‌ನನ್ನು ಗುಂಡಿಟ್ಟು ಕೊಂದರು.

ಹೀಗೆ ಸತ್ತವನು ಬಾಸ್ತಿಯೆನ್-ತಿರಿ. 1962ರ ಆಗಸ್ಟ್‌ನಲ್ಲಿ ಡಿ ಗಾಲ್‌ನ ಕಾರಿನ ಮೇಲೆ ದಾಳಿ ಸಂಘಟಿಸಿದ ವಾಯುಪಡೆಯ ಎಂಜಿನಿಯರ್. 1963ರ ಮಾರ್ಚ್‌ನಲ್ಲಿ ಶಿಕ್ಷೆಯಾಯಿತು. ಸಲಾನ್‌ಗೆ ಬಿದ್ದದ್ದು ಜೀವಾವಧಿ. ಅವನ ಕೈಕೆಳಗಿನ ಜೂವೊಗೆ ಅದಕ್ಕೂ ಮೊದಲೇ ಮರಣದಂಡನೆ ಆಗಿತ್ತು, ಹೀಗಾಗಿ ಮುಖ್ಯಸ್ಥನೇ ಉಳಿದುಕೊಂಡನೆಂದು ಡಿ ಗಾಲ್ ಕೆರಳಿ ಆ ನ್ಯಾಯಮಂಡಳಿಯನ್ನೇ ರದ್ದುಮಾಡಿದ. ಮುಂದೆ ಜೂವೊ ಕೂಡ ಉಳಿದ. 1968ರ ಜೂನ್‌ನಲ್ಲಿ, ವಿದ್ಯಾರ್ಥಿಗಳ ಮತ್ತು ಕಾರ್ಮಿಕರ ಚಳವಳಿ ದೇಶವನ್ನು ನಡುಗಿಸಿದ ಬೆನ್ನಲ್ಲೇ, ಡಿ ಗಾಲ್ ಸಲಾನ್‌ನನ್ನು ಬಿಡುಗಡೆ ಮಾಡಿದ. 1982ರಲ್ಲಿ ಸಮಾಜವಾದಿ ಅಧ್ಯಕ್ಷ ಮಿತ್ತೆರಾಂ, ಸ್ವಂತ ಪಕ್ಷದವರ ವಿರೋಧ ಲೆಕ್ಕಿಸದೆ, ಬದುಕಿದ್ದ ದಂಗೆಕೋರ ಜನರಲ್‌ಗಳಿಗೆ ಹಳೆಯ ಸ್ಥಾನಮಾನ ಮರಳಿಸಿದ. 1984ರಲ್ಲಿ ಸಲಾನ್ ತೀರಿಕೊಂಡ.

ಕಲ್ಪನೆ: ಅವನ ತಪ್ಪು ಶುರುವಾದದ್ದು ದಂಗೆ ಎದ್ದಾಗ.

ಸಲಾನ್‌ನ ಅಭಿಮಾನಿಗಳೂ ವಿರೋಧಿಗಳೂ ಒಂದೇ ದನಿಯಲ್ಲಿ ಇದನ್ನು ನಂಬುತ್ತಾರೆ. ನಾನು ನಂಬುವುದಿಲ್ಲ. 1956ರ ನವೆಂಬರ್‌ನಿಂದ ಅಲ್ಜೀರಿಯಾದ ಸೇನೆಗೆ ಅವನೇ ಮುಖ್ಯಸ್ಥ. ಅವನ ಅಧೀನದಲ್ಲೇ 1957ರ ಜನವರಿಯಲ್ಲಿ ಜನರಲ್ ಮಾಸ್ಸುವಿನ ಪ್ಯಾರಾಟ್ರೂಪರ್‌ಗಳಿಗೆ ಅಲ್ಜಿಯರ್ಸ್‌ನ ಪೊಲೀಸ್ ಅಧಿಕಾರ ದೊರೆತದ್ದು. ವಿದ್ಯುತ್ ಹರಿಸಿ, ನೀರು ಕುಡಿಸಿ ಬಾಯಿ ಬಿಡಿಸಿದರು, ಜನ ಕಾಣೆಯಾದರು. ಅಲ್ಜಿಯರ್ಸ್‌ನ ಪೊಲೀಸ್ ಆಡಳಿತದ ಹೊಣೆ ಹೊತ್ತಿದ್ದ ಪೋಲ್ ತೆತ್ಜೆನ್, ಹಿಂದೆ ನಾಜಿಗಳಿಂದ ಚಿತ್ರಹಿಂಸೆ ಉಂಡವನು, ಆ ಗುರುತುಗಳನ್ನೇ ಅಲ್ಜೀರಿಯನ್ನರ ಮೈಮೇಲೆ ಕಂಡು ಅದೇ ವರ್ಷ ರಾಜೀನಾಮೆ ಕೊಟ್ಟ. ಕಾಣೆಯಾದವರು ಮೂರು ಸಾವಿರಕ್ಕೂ ಹೆಚ್ಚು ಎಂಬುದು ಅವನ ಲೆಕ್ಕ. ಅಂದು ಸಲಾನ್ ಸರ್ಕಾರದ ವಿಧೇಯ ಅಧಿಕಾರಿ. ಸರ್ಕಾರಕ್ಕೆ ಅದರಿಂದ ತೊಂದರೆಯಾಗಲಿಲ್ಲ. 60 ದಿನ ಸೆರೆಯಾದದ್ದು ಅದನ್ನು ಖಂಡಿಸಿದ ಬೊಲ್ಲಾರ್ದಿಯೆರ್.

1962ರ ವಿಚಾರಣೆಯಲ್ಲಿ ಸಲಾನ್ ಉತ್ತರಿಸಬೇಕಾಗಿ ಬಂದದ್ದು ರಾಜ್ಯದ ವಿರುದ್ಧ ಮಾಡಿದ ಅಪರಾಧಗಳಿಗೆ. ರಾಜ್ಯದ ಪರವಾಗಿ ನಡೆದ ಅಪರಾಧಗಳ ಬಗ್ಗೆ ಅವನನ್ನು ಕಟಕಟೆಗೆ ತಂದವರಿಲ್ಲ. ಎವಿಯಾ ಒಪ್ಪಂದದ ಬೆನ್ನಿಗೇ, ಮಾರ್ಚ್ 22ರಂದು ಹೊರಟ ಆಜ್ಞೆಗಳು ‘ಶಾಂತಿ ಸುವ್ಯವಸ್ಥೆ’ ಕಾಯುವಾಗ ಸೇನೆ ಮಾಡಿದ್ದಕ್ಕೆಲ್ಲ ಕ್ಷಮಾದಾನ ಕೊಟ್ಟಿದ್ದವು. 1957ರ ಜೂನ್‌ನಲ್ಲಿ ಪ್ಯಾರಾಟ್ರೂಪರ್‌ಗಳು ಹಿಡಿದೊಯ್ದ 25 ವರ್ಷದ ಗಣಿತಜ್ಞ ಮೊರಿಸ್ ಓದಾನ್ ಮನೆಗೆ ಮರಳಲಿಲ್ಲ. ತಪ್ಪಿಸಿಕೊಂಡು ಓಡಿಹೋದನೆಂದು ಸೇನೆ ಹೇಳಿತ್ತು. ಅವನ ಸಾವಿಗೆ ಫ್ರೆಂಚ್ ರಾಜ್ಯವೇ ಹೊಣೆ ಎಂದು ಅಧ್ಯಕ್ಷ ಮ್ಯಾಕ್ರಾನ್ ಒಪ್ಪಿಕೊಂಡದ್ದು 2018ರ ಸೆಪ್ಟೆಂಬರ್‌ನಲ್ಲಿ. ಎಫ್‌ಎಲ್‌ಎನ್ ನಾಯಕ ಲಾರ್ಬಿ ಬೆನ್ ಮಿಹೀದಿ ಸೆರೆಯಲ್ಲಿ ನೇಣು ಹಾಕಿಕೊಂಡ ಎಂಬ 1957ರ ಹೇಳಿಕೆ ಸುಳ್ಳು, ಅವನನ್ನು ಫ್ರೆಂಚ್ ಸೈನಿಕರೇ ಕೊಂದರು ಎಂಬ ಅಧಿಕೃತ ಒಪ್ಪಿಗೆ ಬರಲು 2024ರ ನವೆಂಬರ್ 1ರವರೆಗೆ ಕಾಯಬೇಕಾಯಿತು.