ಟರ್ಬೋ ಎಂಜಿನಿಗೆ ತಕ್ಕ ಗೇರ್‌ಬಾಕ್ಸು

ಎತ್ತುಗಳು ಎಷ್ಟೇ ಬಲಶಾಲಿಗಳಾದರೂ ನೊಗ ಮುರಿದರೆ ಗಾಡಿ ಮುಂದೆ ಸಾಗದು. ಮೋಟಾರು ಕಾರಿನಲ್ಲಿ ಎಂಜಿನ್ನು ಎತ್ತಿನ ಸ್ಥಾನದಲ್ಲಿದ್ದರೆ ಗೇರ್‌ಬಾಕ್ಸು ನೊಗದ ಸ್ಥಾನದಲ್ಲಿದೆ. ಹಳೆಯ ಕಾರೊಂದನ್ನು ಕೊಂಡು, ಗುಜರಿಯಿಂದ ತಂದ ಎಂಜಿನ್ನನ್ನು ಅದಕ್ಕೆ ಜೋಡಿಸಿ, ಟರ್ಬೋಚಾರ್ಜರಿನ ಸಹಾಯದಿಂದ ಅದರ ಸಾಮರ್ಥ್ಯವನ್ನು ಹೆಚ್ಚಿಸುವ ಹವ್ಯಾಸ ಅಮೆರಿಕದಲ್ಲಿ ಬಹಳ ಪ್ರಚಲಿತವಾಗಿದೆ. ಹೀಗೆ ರೂಪಿಸಿದ ಕಾರುಗಳಲ್ಲಿ ಅನೇಕ ವೇಳೆ ಮೊದಲು ಕೈಕೊಡುವುದು ಎಂಜಿನ್ನಲ್ಲ, ಅದರ ಹಿಂದಿರುವ ಸ್ವಯಂಚಾಲಿತ ಗೇರ್‌ಬಾಕ್ಸು. ಹಾಗಾದರೆ ಹೆಚ್ಚು ಬಲವಾದ ಗೇರ್‌ಬಾಕ್ಸು ಎಂದರೇನು? ಅದನ್ನು ಆರಿಸುವ ಬಗೆ ಯಾವುದು? ಇದನ್ನು ತಿಳಿಯಲು ಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಬಹುಮಟ್ಟಿಗೆ ಸಾಕು.

ಇಲ್ಲಿ ಎದುರುಬದುರಾಗುವ ಎರಡು ಯಂತ್ರಗಳೂ ಒಂದೇ ವರ್ಷದ ಕೂಸುಗಳೆಂಬುದು ಸ್ವಾರಸ್ಯದ ಸಂಗತಿ. ಎಂಜಿನ್ನು ಹೊರಹಾಕುವ ಬಿಸಿ ಹೊಗೆಯಿಂದ ಸಣ್ಣ ಟರ್ಬೈನೊಂದನ್ನು ತಿರುಗಿಸಿ, ಅದರ ಬಲದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದನು. ಒಂದು ಚಕ್ರ ಚಿಮ್ಮಿಸಿದ ದ್ರವದಿಂದ ಇನ್ನೊಂದು ಚಕ್ರವನ್ನು ತಿರುಗಿಸುವ ಉಪಾಯಕ್ಕೆ ಜರ್ಮನಿಯ ಹೆರ್ಮನ್ ಫ್ಯೋಟಿಂಗರ್ ಪೇಟೆಂಟ್ ಪಡೆದುದೂ 1905ರಲ್ಲಿಯೇ. ಹಡಗುಗಳಿಗೆಂದು ಹುಟ್ಟಿದ ಈ ಎರಡನೆಯ ಉಪಾಯವೇ ಇಂದು ಸ್ವಯಂಚಾಲಿತ ಗೇರ್‌ಬಾಕ್ಸಿನ ಮುಂಭಾಗದಲ್ಲಿರುವ ಟಾರ್ಕ್ ಕನ್ವರ್ಟರು.

ಈಗ ಮೊದಲನೆಯ ಪಾಠಕ್ಕೆ ಬರೋಣ. ಅಶ್ವಶಕ್ತಿಯ ಅಂಕಿಯನ್ನು ಮಾತ್ರ ನೋಡಿ ಗೇರ್‌ಬಾಕ್ಸನ್ನು ಆರಿಸಬಾರದು. ಸಾಮರ್ಥ್ಯವೆಂಬುದು ತಿರುಚುಬಲ ಮತ್ತು ಭ್ರಮಣವೇಗಗಳ ಗುಣಲಬ್ಧ. ಇವೆರಡರಲ್ಲಿ ಉಕ್ಕಿನ ದಂಡವನ್ನು ತಿರುಚುವುದೂ ಗೇರಿನ ಹಲ್ಲುಗಳನ್ನು ಮುರಿಯುವುದೂ ತಿರುಚುಬಲ, ಅಂದರೆ ಟಾರ್ಕ್. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಒಂದು ಕಿಲೋಗ್ರಾಮ್ ತೂಕವನ್ನು ತೂಗುಹಾಕಿದರೆ ನಟ್ಟಿನ ಮೇಲೆ ಬೀಳುವ ತಿರುಚುಬಲ ಸುಮಾರು 10 ನ್ಯೂಟನ್-ಮೀಟರ್.

ಒಂದು ನಿಜವಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಜನರಲ್ ಮೋಟಾರ್ಸ್ ಸಂಸ್ಥೆಯು 1999ರಿಂದ ತನ್ನ ಪಿಕಪ್ ಟ್ರಕ್ಕುಗಳಲ್ಲಿ ಬಳಸಿದ 5.3 ಲೀಟರಿನ ವಿ-8 ಎಂಜಿನ್ನು ಗುಜರಿಗಳಲ್ಲಿ ಹೇರಳವಾಗಿ ದೊರೆಯುವುದರಿಂದ ಹವ್ಯಾಸಿಗಳಿಗೆ ಅಚ್ಚುಮೆಚ್ಚಾಗಿದೆ. ಇದರ ಗರಿಷ್ಠ ತಿರುಚುಬಲ ಸುಮಾರು 440 ನ್ಯೂಟನ್-ಮೀಟರ್. ಇದರೊಡನೆ ಬರುತ್ತಿದ್ದ ಗೇರ್‌ಬಾಕ್ಸು 4ಎಲ್60-ಇ. ಹೆಸರಿನಲ್ಲಿ 4 ಎಂದರೆ ನಾಲ್ಕು ಗೇರುಗಳು. ಎಲ್ ಎಂದರೆ ವಾಹನದ ಉದ್ದಕ್ಕೆ ಕೂರಿಸುವ ಬಗೆ. 60 ಬಲದ ದರ್ಜೆ. ಇ ಎಂದರೆ ವಿದ್ಯುನ್ಮಾನ ನಿಯಂತ್ರಣ. ಇದು ತಾಳಬಲ್ಲ ಎಂಜಿನ್ ತಿರುಚುಬಲ ಸುಮಾರು 490 ನ್ಯೂಟನ್-ಮೀಟರ್ ಎಂದು ತಯಾರಕರು ಗೊತ್ತುಪಡಿಸಿದ್ದರು. ಮೂಲ ಎಂಜಿನ್ನಿಗೆ ಇದು ಸಾಕು. ಆದರೆ ಟರ್ಬೋಚಾರ್ಜರು ವಾಯುಮಂಡಲದ ಒತ್ತಡಕ್ಕಿಂತ ಅರ್ಧದಷ್ಟು ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ತುಂಬಿದರೆ ತಿರುಚುಬಲವೂ ಸ್ಥೂಲವಾಗಿ ಒಂದೂವರೆ ಪಟ್ಟು, ಎಂದರೆ 660 ಆಗಬೇಕು. ಒತ್ತಿದ ಗಾಳಿ ಬಿಸಿಯಾಗುವುದರಿಂದ ಉಂಟಾಗುವ ನಷ್ಟವನ್ನು ಕಳೆದು 600 ಎಂದು ಹಿಡಿಯೋಣ. ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 60 ಕಿಲೋಗ್ರಾಮಿನ ಮನುಷ್ಯನೊಬ್ಬನು ಜೋತುಬಿದ್ದಂತೆ! ಗೊತ್ತುಪಡಿಸಿದ ಮಿತಿ ಇಲ್ಲಿಯೇ ದಾಟಿಹೋಯಿತು.

ಮಿತಿ ಮೀರಿದಾಗ ಒಳಗೆ ಏನಾಗುತ್ತದೆ? ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಸೂರ್ಯಚಕ್ರವೊಂದರ ಸುತ್ತ ಗ್ರಹಚಕ್ರಗಳು ತಿರುಗುವ ಗೇರುಗಳ ಜೋಡಣೆಯಿದೆ. ಇದರ ಯಾವ ಭಾಗ ನಿಲ್ಲಬೇಕು, ಯಾವುದು ತಿರುಗಬೇಕು ಎಂಬುದನ್ನು ಎಣ್ಣೆಯ ಒತ್ತಡದಿಂದ ಬಿಗಿಯುವ ಕ್ಲಚ್ ತಟ್ಟೆಗಳೂ ಪಟ್ಟಿಗಳೂ ನಿರ್ಧರಿಸುತ್ತವೆ. ಕ್ಲಚ್ಚಿನ ಹಿಡಿತವು ನಾಲ್ಕು ಸಂಖ್ಯೆಗಳ ಗುಣಲಬ್ಧ: ಘರ್ಷಣಾಂಕ, ಒತ್ತುವ ಬಲ, ತಟ್ಟೆಯ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮುಖಗಳ ಸಂಖ್ಯೆ. ಈ ಹಿಡಿತಕ್ಕಿಂತ ತಿರುಚುಬಲ ಹೆಚ್ಚಾದರೆ ತಟ್ಟೆಗಳು ಜಾರುತ್ತವೆ, ಜಾರಿದರೆ ಬಿಸಿಯಾಗುತ್ತವೆ, ಬಿಸಿಯಾದರೆ ಸುಟ್ಟುಹೋಗುತ್ತವೆ. 4ಎಲ್60-ಇ ಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಗೇರುಗಳೆರಡಕ್ಕೂ ದುಡಿಯುವ ಕ್ಲಚ್ಚು ಈ ದೌರ್ಬಲ್ಯಕ್ಕೆ ಹೆಸರಾಗಿದೆ.

ಇದಕ್ಕೆ ಪರಿಹಾರಗಳು ಎರಡು. ಇರುವುದನ್ನೇ ಬಲಪಡಿಸುವುದು ಮೊದಲನೆಯದು. ಎಣ್ಣೆಯ ಒತ್ತಡವನ್ನು ಹೆಚ್ಚಿಸಬಹುದು, ತಟ್ಟೆಗಳ ಸಂಖ್ಯೆಯನ್ನು ಹೆಚ್ಚಿಸಬಹುದು, ಉತ್ತಮ ಉಕ್ಕಿನ ಭಾಗಗಳನ್ನು ಹಾಕಬಹುದು. ಆದರೆ ಅಷ್ಟೇ ಜಾಗದಲ್ಲಿ ಹೆಚ್ಚು ತಟ್ಟೆಗಳನ್ನು ತುರುಕಿದರೆ ಒಂದೊಂದೂ ತೆಳುವಾಗಿ, ಶಾಖವನ್ನು ತಾಳುವ ಗುಣ ಕುಗ್ಗುತ್ತದೆ. ತಟ್ಟೆಯ ತ್ರಿಜ್ಯವನ್ನಂತೂ ಹೊರಕವಚವು ಹಿಗ್ಗಗೊಡದು. ಆದುದರಿಂದ ಎರಡನೆಯ ಪರಿಹಾರವೆಂದರೆ ಹುಟ್ಟಿನಿಂದಲೇ ದೊಡ್ಡದಾದ 4ಎಲ್80-ಇ ಯನ್ನು ತರುವುದು. 1964ರ ಮಾದರಿ ವರ್ಷದಲ್ಲಿ ಕಾಣಿಸಿಕೊಂಡ ಟರ್ಬೋ-ಹೈಡ್ರಾಮ್ಯಾಟಿಕ್ 400 ಎಂಬ ಮೂರು ಗೇರಿನ ಪೆಟ್ಟಿಗೆಯ ವಂಶದಿಂದ ಬಂದ ಇದರ ಮಿತಿ ಸುಮಾರು 600 ನ್ಯೂಟನ್-ಮೀಟರ್. ನಮ್ಮ ಉದಾಹರಣೆಗೆ ಇದು ಸರಿಸಮವಾಗಿ ಹೊಂದುತ್ತದೆ. ಇನ್ನೂ ಹೆಚ್ಚಿನ ಒತ್ತಡವನ್ನು ಬಯಸುವವರು ಇದನ್ನೂ ಬಲಪಡಿಸಬೇಕಾಗುತ್ತದೆ.

ಗೇರುಗಳ ಅನುಪಾತವನ್ನೂ ಪರಿಶೀಲಿಸಬೇಕು. ಚಿಕ್ಕ ಪೆಟ್ಟಿಗೆಯ ಮೊದಲ ಎರಡು ಗೇರುಗಳ ಅನುಪಾತ 3.06 ಮತ್ತು 1.63, ದೊಡ್ಡದರಲ್ಲಿ 2.48 ಮತ್ತು 1.48. ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿರುವಾಗ ಒಂದರಿಂದ ಎರಡನೆಯ ಗೇರಿಗೆ ಬದಲಾದರೆ, ಚಿಕ್ಕದರಲ್ಲಿ ವೇಗ ಸುಮಾರು 3200ಕ್ಕೆ ಕುಸಿಯುತ್ತದೆ. ದೊಡ್ಡದರಲ್ಲಿ ಸುಮಾರು 3580ಕ್ಕೆ ನಿಲ್ಲುತ್ತದೆ. ಟರ್ಬೋಚಾರ್ಜರು ಹೊಗೆಯ ಪ್ರವಾಹವನ್ನೇ ನಂಬಿ ಬದುಕುವ ಯಂತ್ರ. ಎಂಜಿನ್ನಿನ ವೇಗ ಕಡಿಮೆ ಕುಸಿದಷ್ಟೂ ಅದರ ಒತ್ತಡ ಉಳಿದುಕೊಳ್ಳುತ್ತದೆ. 3.06ರಂತಹ ಮೊದಲ ಗೇರು ಬಲ ಕಡಿಮೆಯಿರುವ ಎಂಜಿನ್ನಿಗೆ ವರವಾದರೂ ಟರ್ಬೋ ಎಂಜಿನ್ನಿನಲ್ಲಿ ಟೈರುಗಳನ್ನು ವೃಥಾ ಸುತ್ತಿಸುವುದೇ ಹೆಚ್ಚು.

ಮೂರನೆಯ ಶತ್ರು ಶಾಖ. ನಿಮಿಷಕ್ಕೆ 5000 ಸುತ್ತಿನಲ್ಲಿ 600 ನ್ಯೂಟನ್-ಮೀಟರ್ ಎಂದರೆ ಸುಮಾರು 314 ಕಿಲೋವಾಟ್. ಟಾರ್ಕ್ ಕನ್ವರ್ಟರಿನಲ್ಲಿ ನೂರಕ್ಕೆ ಹತ್ತರಷ್ಟು ಜಾರಿಕೆಯಾದರೂ 31 ಕಿಲೋವಾಟ್ ಎಣ್ಣೆಯಲ್ಲಿ ಶಾಖವಾಗಿ ಸೇರುತ್ತದೆ. ಒಂದೂವರೆ ಕಿಲೋವಾಟಿನ ಇಪ್ಪತ್ತು ವಿದ್ಯುತ್ ಒಲೆಗಳನ್ನು ಒಟ್ಟಿಗೆ ಹಚ್ಚಿದಂತೆ! ಪೂರ್ಣ ವೇಗದಲ್ಲಿ ಕೆಲವು ಕ್ಷಣಗಳೇ ಓಡಿದರೂ ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ಬೇಗ ಕೆಡುತ್ತದೆ. ಆದಕಾರಣ ಎಷ್ಟೇ ಬಲವಾದ ಗೇರ್‌ಬಾಕ್ಸಿಗೂ ಪ್ರತ್ಯೇಕವಾದ ಎಣ್ಣೆಯ ಕೂಲರು ಬೇಕು.

ಬಲಕ್ಕೆ ಬೆಲೆಯೂ ಉಂಟು. 4ಎಲ್80-ಇ ತನ್ನ ತಮ್ಮನಿಗಿಂತ ಸುಮಾರು 40 ಕಿಲೋಗ್ರಾಮ್ ಹೆಚ್ಚು ತೂಗುತ್ತದೆ. ಗಾತ್ರ ಹಿರಿದಾದ್ದರಿಂದ ಎಷ್ಟೋ ವೇಳೆ ಕಾರಿನ ತಳವನ್ನೂ ಹಿಂದಿನ ಚಕ್ರಗಳಿಗೆ ಹೋಗುವ ದಂಡವನ್ನೂ ಮಾರ್ಪಡಿಸಬೇಕಾಗುತ್ತದೆ. ವಿದ್ಯುನ್ಮಾನ ನಿಯಂತ್ರಕವೂ ಅಗತ್ಯ. ನಿಯಂತ್ರಕದ ಗೊಡವೆ ಬೇಡವೆಂಬವರು ಟರ್ಬೋ-ಹೈಡ್ರಾಮ್ಯಾಟಿಕ್ 400ನ್ನೇ ಹಾಕಬಹುದು. ಆದರೆ ಅದರಲ್ಲಿ 0.75 ಅನುಪಾತದ ನಾಲ್ಕನೆಯ ಗೇರಿಲ್ಲ. ದೊಡ್ಡ ಪೆಟ್ಟಿಗೆಯ ನಾಲ್ಕನೆಯ ಗೇರಿನಲ್ಲಿ ಎಂಜಿನ್ನು 2000 ಸುತ್ತಿನಲ್ಲಿ ಸಾಗುವ ದಾರಿಯನ್ನು ಇದರ ಮೂರನೆಯ ಗೇರಿನಲ್ಲಿ 2670 ಸುತ್ತಿನಲ್ಲಿ ಸಾಗಬೇಕು. ಸ್ಪರ್ಧೆಯ ಕಾರಿಗೆ ಇದು ಬಾಧಕವಲ್ಲ. ದೂರ ಪ್ರಯಾಣದ ಕಾರಿಗೆ ಪೆಟ್ರೋಲಿನ ದಂಡ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಸರಪಳಿಯ ಒಂದು ಕೊಂಡಿಯನ್ನು ಗಟ್ಟಿ ಮಾಡಿದಾಗ ಭಾರವು ಮುಂದಿನ ದುರ್ಬಲ ಕೊಂಡಿಯನ್ನು ಹುಡುಕುತ್ತದೆ. ಗೇರ್‌ಬಾಕ್ಸು ಉಳಿದರೆ ಹಿಂದಿನ ಅಚ್ಚು ಮುರಿಯಬಹುದು. ಅಚ್ಚೂ ಉಳಿದರೆ ಬ್ರೇಕುಗಳು ಸಾಲದೆ ಹೋಗಬಹುದು. ಆಗ ಅಪಾಯಕ್ಕೊಳಗಾಗುವುದು ಯಂತ್ರವಷ್ಟೇ ಅಲ್ಲ, ಒಳಗೆ ಕುಳಿತವರ ಪ್ರಾಣ. ಆದುದರಿಂದ ಎಂಜಿನ್ನಿನಿಂದ ಟೈರಿನವರೆಗೆ ತಿರುಚುಬಲದ ಹಾದಿಯನ್ನು ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕಿ, ಆಮೇಲೆ ಹಣವನ್ನು ಖರ್ಚುಮಾಡುವುದೇ ವಿವೇಕ. ಆ ಲೆಕ್ಕಕ್ಕೆ ಬೇಕಾದುದು ಒಂದು ಹಾಳೆ, ಒಂದು ಪೆನ್ಸಿಲು ಮತ್ತು ಸ್ವಲ್ಪ ತಾಳ್ಮೆ.