ಕೂಡಲಗಳು ಎರಡು, ಮೇಲೆ ಬರುವುದು ಒಂದು: ಶೋಧಯಂತ್ರದ ಸ್ಥಾನನಿರ್ಣಯ

ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಸೀನಾ ನದಿಯು ಭೀಮೆಯನ್ನು ಕೂಡುವಲ್ಲಿ ಹತ್ತರಸಂಗ ಕೂಡಲವೆಂಬ ಪ್ರಾಚೀನ ಕ್ಷೇತ್ರವಿದೆ. ಸಂಗಮೇಶ್ವರ, ಹರಿಹರೇಶ್ವರ ದೇವಾಲಯಗಳು ಅಲ್ಲಿವೆ. ಅತಿ ಹಳೆಯ ಮರಾಠಿ ಶಾಸನಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುವ ಶಕವರ್ಷ 940ರ, ಅಂದರೆ ಕ್ರಿ.ಶ. 1018ರ ಶಾಸನವೂ ಅಲ್ಲಿಯದೇ. ಆದರೆ ಸೊಲ್ಲಾಪುರದಲ್ಲೇ ಕುಳಿತ ವಿದ್ಯಾರ್ಥಿಯೊಬ್ಬನು ಗೂಗಲ್‌ನಲ್ಲಿ ‘ಕೂಡಲ ಸಂಗಮ’ ಎಂದು ಕನ್ನಡದಲ್ಲಿ ಬರೆದರೆ ಅವನೆದುರು ಬರುವುದು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ ಮಲಪ್ರಭೆಗಳು ಕೂಡುವ, ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ. ನೆರೆಯ ಕೂಡಲವು ಬೇಕಿದ್ದರೆ ‘ಹತ್ತರಸಂಗ’ ಎಂಬ ಪದವನ್ನು ಸೇರಿಸಿಯೇ ಕೇಳಬೇಕು. ಇದರಲ್ಲಿ ಯಂತ್ರದ ಪಕ್ಷಪಾತವೇನೂ ಇಲ್ಲ. ಯಂತ್ರಕ್ಕೆ ಎರಡೂ ಕೂಡಲಗಳ ಮಹಿಮೆ ತಿಳಿಯದು. ಅದು ನೋಡುವುದು ಮುಖ್ಯವಾಗಿ ಎರಡು ಬಗೆಯ ಸಾಕ್ಷ್ಯಗಳನ್ನು: ಒಂದು ಪುಟವನ್ನು ಬೇರೆ ಯಾವ ಪುಟಗಳು ಹೆಸರಿಸಿವೆ, ಮತ್ತು ಹುಡುಕಿಕೊಂಡು ಬಂದವರು ಆ ಪುಟವನ್ನು ಕಂಡು ಏನು ಮಾಡಿದರು.

ಮೊದಲನೆಯ ಸಾಕ್ಷ್ಯವು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರು ಗದ್ಯಕಾರರೆಂದು ಉಲ್ಲೇಖಗೊಂಡಿದ್ದಾರೆ. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಆದರೂ ಸಾಹಿತ್ಯ ಚರಿತ್ರೆಯ ಪ್ರತಿಯೊಂದು ಪುಸ್ತಕದಲ್ಲಿ ಅವರಿಗೆ ಸ್ಥಾನವಿದೆ, ಪರೀಕ್ಷೆಯಲ್ಲಿ ಪ್ರಶ್ನೆಯೂ ಇದೆ. ಕಾರಣವಿಷ್ಟೇ: ಹೆಸರಿಸಿದ ಗ್ರಂಥವು ದೊಡ್ಡದು. ಇದೇ ಹೆಸರುಗಳು ಯಾವುದೋ ಲೆಕ್ಕದ ಕಡತದ ಅಂಚಿನಲ್ಲಿ ಸಿಕ್ಕಿದ್ದರೆ ಇಷ್ಟು ಚರ್ಚೆಯಾಗುತ್ತಿರಲಿಲ್ಲ. ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುವ ಪದ್ಧತಿಯು ಶತಮಾನಗಳ ಕಾಲ ಕನ್ನಡದಲ್ಲಿ ಇಂಥ ಉಲ್ಲೇಖಗಳ ಬಲೆಯೊಂದನ್ನು ನೇಯ್ದಿದೆ. ಯಾರು ಯಾರನ್ನು ನೆನೆದರು ಎಂಬುದರಿಂದಲೇ ಕವಿಯ ಕಾಲವನ್ನೂ ಮನ್ನಣೆಯನ್ನೂ ನಾವು ಊಹಿಸುತ್ತೇವೆ.

ಅಂತರ್ಜಾಲದಲ್ಲಿ ಈ ಉಲ್ಲೇಖಕ್ಕೆ ಕೊಂಡಿ ಎಂದು ಹೆಸರು. ಮರಾಠಿಯವರು ‘ದುವಾ’ ಎನ್ನುತ್ತಾರೆ. ಜೋಡಿಸುವುದೆಂಬ ಅರ್ಥ ಅದರಲ್ಲಿ ಸ್ವಚ್ಛವಾಗಿದೆ. ಕನ್ನಡದ ಕೊಂಡಿ ಬಾಗಿಲಿಗೂ ಇರುತ್ತದೆ, ಚೇಳಿಗೂ ಇರುತ್ತದೆ. ಮುಂದೆ ತಿಳಿಯುವಂತೆ, ಇಲ್ಲಿ ಎರಡೂ ಅರ್ಥಗಳು ಸಲ್ಲುತ್ತವೆ. ಅನ್ಯರ ಪುಟದಿಂದ ನಮ್ಮ ಪುಟಕ್ಕೆ ಬರುವ ಕೊಂಡಿಯೇ ಬ್ಯಾಕ್‌ಲಿಂಕ್.

1990ರ ದಶಕದ ನಡುವಿನ ಶೋಧಯಂತ್ರಗಳು ಬಹುಮಟ್ಟಿಗೆ ಪುಟದೊಳಗಿನ ಪದಗಳನ್ನೇ ನಂಬಿದ್ದವು. ಒಂದೇ ಪದವನ್ನು ನೂರು ಸಲ ಬರೆದಿಟ್ಟವನು ಮೇಲಕ್ಕೇರಬಹುದಾಗಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅವರು 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೇರೊಂದು ದಾರಿಯನ್ನು ತೋರಿಸಿದರು. ಪುಟವು ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕಿಂತ ಉಳಿದವರು ಅದರ ಬಗ್ಗೆ ಏನು ಹೇಳುತ್ತಾರೆಂಬುದಕ್ಕೆ ಬೆಲೆ ಹೆಚ್ಚು ಎಂಬುದು ಅದರ ತಿರುಳು. ವಿಜ್ಞಾನ ಪ್ರಬಂಧಗಳ ಪರಸ್ಪರ ಉಲ್ಲೇಖಗಳನ್ನು ಎಣಿಸಿ ಸೂಚಿ ಮಾಡಬಹುದೆಂದು ಯೂಜೀನ್ ಗಾರ್ಫೀಲ್ಡ್ 1955ರಲ್ಲೇ ಸೂಚಿಸಿದ್ದರು. ಆ ವಿಚಾರವೇ ಇಲ್ಲಿ ಜಾಲಕ್ಕೆ ಅನ್ವಯವಾಯಿತು. ಹೊಸ ಲೆಕ್ಕಕ್ಕೆ ‘ಪೇಜ್‌ರ‍್ಯಾಂಕ್’ ಎಂದು ಹೆಸರಾಯಿತು. ಪುಟವೆಂಬ ಅರ್ಥವೂ ಕರ್ತೃವಿನ ಹೆಸರೂ ಅದರಲ್ಲಿ ಒಟ್ಟಿಗೆ ಬಂದಿರುವುದನ್ನು ಶ್ಲೇಷಾಲಂಕಾರ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಲೆಕ್ಕದಲ್ಲಿ ಎಲ್ಲ ಕೊಂಡಿಗಳೂ ಸಮವಲ್ಲ. ಪ್ರತಿ ಪುಟವು ತನ್ನ ತೂಕವನ್ನು ತಾನು ಹೆಸರಿಸಿದ ಪುಟಗಳಿಗೆ ಹಂಚುತ್ತದೆ. ಆರು ಅಳತೆ ತೂಕದ ಪುಟವೊಂದು ಮೂರು ಪುಟಗಳನ್ನು ಮಾತ್ರ ಹೆಸರಿಸಿದರೆ ಒಂದೊಂದಕ್ಕೆ ಎರಡು ಅಳತೆ ಸಲ್ಲುತ್ತದೆ. ಅರವತ್ತು ಪುಟಗಳನ್ನು ಹೆಸರಿಸಿದರೆ ಒಂದೊಂದಕ್ಕೆ ಹತ್ತನೆಯ ಒಂದು ಭಾಗವಷ್ಟೇ. ಸಿಕ್ಕವರಿಗೆಲ್ಲ ಮುನ್ನುಡಿ ಬರೆದುಕೊಡುವ ಹಿರಿಯರ ಮುನ್ನುಡಿಗೂ ಅಪರೂಪಕ್ಕೆ ಬರೆಯುವವರ ಮುನ್ನುಡಿಗೂ ಇರುವ ಅಂತರವಿದು. ಆದರೆ ಹೆಸರಿಸುವ ಪುಟದ ತೂಕ ಬಂದದ್ದಾದರೂ ಎಲ್ಲಿಂದ? ಅದನ್ನು ಹೆಸರಿಸಿದ ಇತರ ಪುಟಗಳಿಂದ. ಇದು ಸುತ್ತಿ ಸುತ್ತಿ ಅಲ್ಲಿಗೇ ಬರುವ ಮಾತಿನಂತೆ ತೋರುತ್ತದೆ. ಗಣಿತದಲ್ಲಿ ಇದಕ್ಕೆ ಪರಿಹಾರವಿದೆ. ಎಲ್ಲ ಪುಟಗಳಿಗೂ ಮೊದಲು ಸಮನಾದ ತೂಕ ಕೊಟ್ಟು, ಹಂಚಿಕೆಯನ್ನು ಮತ್ತೆ ಮತ್ತೆ ನಡೆಸಿದರೆ ಅಂಕಿಗಳು ಕ್ರಮೇಣ ಒಂದು ನೆಲೆಗೆ ನಿಲ್ಲುತ್ತವೆ. ಗುರಿಯಿಲ್ಲದೆ ಅಲೆಯುವ ಓದುಗನೊಬ್ಬನನ್ನು ಕಲ್ಪಿಸಿಕೊಂಡರೆ ಇದು ಇನ್ನೂ ಸುಲಭ: ಅವನು ನೂರರಲ್ಲಿ ಎಂಬತ್ತೈದು ಸಲ ಕಂಡ ಕೊಂಡಿಯೊಂದನ್ನು ಹಿಡಿದು ಮುಂದೆ ಹೋಗುತ್ತಾನೆ, ಹದಿನೈದು ಸಲ ಬೇಸತ್ತು ಬೇರೆಲ್ಲಿಗೋ ಹಾರುತ್ತಾನೆ. ಬಹುಕಾಲ ಅಲೆದ ಮೇಲೆ ಯಾವ ಪುಟದಲ್ಲಿ ಅವನು ಹೆಚ್ಚು ಸಲ ಕಾಣಸಿಗುವನೋ ಆ ಪುಟವೇ ಹೆಚ್ಚು ತೂಕದ್ದು.

ಕೊಂಡಿಯು ತೂಕವನ್ನಷ್ಟೇ ಅಲ್ಲ, ಅರ್ಥವನ್ನೂ ಒಯ್ಯುತ್ತದೆ. ಯಾವ ಪದಗಳ ಮೇಲೆ ಕೊಂಡಿ ಇದೆಯೋ ಆ ಪದಗಳನ್ನು ಯಂತ್ರವು ತಲುಪುವ ಪುಟದ ವರ್ಣನೆಯೆಂದು ಓದಿಕೊಳ್ಳುತ್ತದೆ. ಇದರ ಅಪಾಯವು 2003ರಲ್ಲಿ ಲೋಕಕ್ಕೆ ತಿಳಿಯಿತು. ‘ಶೋಚನೀಯ ವೈಫಲ್ಯ’ ಎಂಬರ್ಥದ ಇಂಗ್ಲಿಷ್ ಪದಗಳ ಮೇಲೆ ಹಲವರು ಸೇರಿ ಅಮೆರಿಕದ ಅಂದಿನ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಅಧಿಕೃತ ಪರಿಚಯ ಪುಟಕ್ಕೆ ಕೊಂಡಿ ಹಾಕಿದರು. ಆ ಪದಗಳನ್ನು ಹುಡುಕಿದವರಿಗೆ ಗೂಗಲ್ ಆ ಪುಟವನ್ನೇ ಮೊದಲು ತೋರಿಸತೊಡಗಿತು. ಪುಟದಲ್ಲಿ ಅಂಥ ಮಾತು ಎಲ್ಲಿಯೂ ಇರಲಿಲ್ಲ. 2007ರಲ್ಲಿ ಗೂಗಲ್ ತನ್ನ ಲೆಕ್ಕವನ್ನು ತಿದ್ದಿಕೊಂಡಿತು.

ತಮಾಷೆಗಾಗಿ ಮಾಡಬಹುದಾದದ್ದನ್ನು ಲಾಭಕ್ಕಾಗಿಯೂ ಮಾಡಬಹುದು. ಕೊಂಡಿಗಳು ಮಾರಾಟದ ಸರಕಾದವು. ಪರಸ್ಪರ ಹೊಗಳುವುದಕ್ಕೆಂದೇ ಸಾವಿರಾರು ಟೊಳ್ಳು ತಾಣಗಳು ಹುಟ್ಟಿದವು. ಅಮೆರಿಕದ ದೊಡ್ಡ ವ್ಯಾಪಾರ ಸಂಸ್ಥೆಯಾದ ಜೆ. ಸಿ. ಪೆನ್ನಿಯ ಪುಟಗಳಿಗೆ ಸಂಬಂಧವೇ ಇಲ್ಲದ ನೂರಾರು ತಾಣಗಳಿಂದ ಕೊಂಡಿಗಳು ಬಂದಿದ್ದುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಆ ಕೊಂಡಿಗಳು ತನ್ನ ಅರಿವಿನಿಂದ ಬಂದವಲ್ಲವೆಂದು ಸಂಸ್ಥೆ ಹೇಳಿತಾದರೂ ಗೂಗಲ್ ಅದರ ಪುಟಗಳನ್ನು ಕೆಳಗಿಳಿಸಿತು. 2012ರ ಏಪ್ರಿಲ್‌ನಲ್ಲಿ ಬಂದ ‘ಪೆಂಗ್ವಿನ್’ ಎಂಬ ಪರಿಷ್ಕರಣವು ಇಂಥ ಕೃತಕ ಕೊಂಡಿಗಳನ್ನೇ ಗುರಿಯಾಗಿಸಿಕೊಂಡಿತ್ತು. ಕೊಂಡ ಕೊಂಡಿಯು ಚೇಳಿನ ಕೊಂಡಿಯಾಯಿತು. ತಮ್ಮ ಪುಟಕ್ಕೆ ನೂರು ಬ್ಯಾಕ್‌ಲಿಂಕ್ ಕೊಡಿಸುವೆವೆಂದು ಹಣ ಕೇಳುವವರು ಇಂದಿಗೂ ಇದ್ದಾರೆ. ಅವರಿಂದ ದೂರವಿರುವುದೇ ಲೇಸು.

ಎರಡನೆಯ ಸಾಕ್ಷ್ಯವಾದ ಓದುಗರ ನಡೆಯು ಇನ್ನೂ ಸೂಕ್ಷ್ಮವಾದದ್ದು. ವಿದ್ಯಾರ್ಥಿನಿಯೊಬ್ಬಳು ‘ವಡ್ಡಾರಾಧನೆ’ ಎಂದು ಹುಡುಕಿ ಮೊದಲ ಪುಟವನ್ನು ತೆರೆದು, ಐದೇ ಸೆಕೆಂಡಿನಲ್ಲಿ ಹಿಂದಕ್ಕೆ ಬಂದು, ಮೂರನೆಯದನ್ನು ತೆರೆದು ಅಲ್ಲಿಯೇ ಇಪ್ಪತ್ತು ನಿಮಿಷ ಓದಿದಳೆಂದು ಭಾವಿಸೋಣ. ಅವಳು ಯಾರಿಗೂ ಏನನ್ನೂ ಹೇಳಿಲ್ಲ. ಆದರೂ ಮೊದಲನೆಯದರಲ್ಲಿ ಬೇಕಾದದ್ದು ಸಿಗಲಿಲ್ಲ, ಮೂರನೆಯದರಲ್ಲಿ ಸಿಕ್ಕಿತು ಎಂಬ ತೀರ್ಪು ಅವಳ ನಡೆಯಲ್ಲಿದೆ. ಒಬ್ಬಳ ನಡೆಯಿಂದ ಏನೂ ಸಿದ್ಧವಾಗದು. ಲಕ್ಷಾಂತರ ಜನರ ನಡೆ ಒಂದೇ ಕಡೆ ವಾಲಿದಾಗ ಅದು ಸಾಕ್ಷ್ಯವಾಗುತ್ತದೆ.

ಇದನ್ನು ಗೂಗಲ್ ಎಷ್ಟರ ಮಟ್ಟಿಗೆ ಬಳಸುತ್ತದೆಂಬುದು ಬಹುಕಾಲ ವಿವಾದದ ವಿಷಯವಾಗಿತ್ತು. ಅಮೆರಿಕ ಸರ್ಕಾರವು ಆ ಸಂಸ್ಥೆಯ ಮೇಲೆ ಹೂಡಿದ ಏಕಸ್ವಾಮ್ಯ ಮೊಕದ್ದಮೆಯಲ್ಲಿ, ಸಂಸ್ಥೆಯ ಹಿರಿಯ ಅಧಿಕಾರಿ ಪಾಂಡು ನಾಯಕ್ ಅವರು 2023ರ ಅಕ್ಟೋಬರ್‌ನಲ್ಲಿ ಸಾಕ್ಷ್ಯ ನುಡಿದಾಗ ‘ನ್ಯಾವ್‌ಬೂಸ್ಟ್’ ಎಂಬ ಒಳವ್ಯವಸ್ಥೆಯ ಮಾತು ಬಹಿರಂಗವಾಯಿತು. ಹುಡುಕಿದವರು ಯಾವುದನ್ನು ಒತ್ತಿದರೆಂಬ ಹದಿಮೂರು ತಿಂಗಳ ನೆನಪನ್ನು ಅದು ಇಟ್ಟುಕೊಂಡು ಪುಟಗಳ ಕ್ರಮಕ್ಕೆ ಬಳಸುತ್ತದೆ. ಇಲ್ಲೊಂದು ಸಾಮಾನ್ಯ ಗೊಂದಲವನ್ನು ನಿವಾರಿಸಬೇಕು. ತಾಣದ ಒಡೆಯನು ತನ್ನ ಅನಾಲಿಟಿಕ್ಸ್‌ನಲ್ಲಿ ಕಾಣುವ ಭೇಟಿಗಳ ಲೆಕ್ಕ ಬೇರೆ, ಶೋಧ ಫಲಿತಾಂಶಗಳ ಪಟ್ಟಿಯಲ್ಲಿ ನಡೆಯುವ ಒತ್ತುವಿಕೆ ಬೇರೆ. ಇಲ್ಲಿ ಎಣಿಕೆಗೆ ಬರುವುದು ಎರಡನೆಯದು.

ಆದರೆ ಓದುಗನ ನಡೆಯೂ ನಿಷ್ಪಕ್ಷಪಾತವಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್ಟನ್ ಯೋಆಕಿಮ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಫಲಿತಾಂಶಗಳನ್ನು ಬೇಕೆಂದೇ ತಲೆಕೆಳಗು ಮಾಡಿ ತೋರಿಸಿದಾಗಲೂ ಜನರು ಮೇಲಿದ್ದವುಗಳತ್ತಲೇ ವಾಲಿದ್ದು ಕಂಡುಬಂದಿತು. ಮೇಲಿರುವುದರಿಂದ ಒತ್ತುತ್ತಾರೆ, ಒತ್ತಿದ್ದರಿಂದ ಮೇಲುಳಿಯುತ್ತದೆ. ಈ ವಾಲುವಿಕೆಯನ್ನು ಕಳೆದು ಲೆಕ್ಕ ಹಾಕಲು ಯಂತ್ರ ಕಟ್ಟುವವರು ಯತ್ನಿಸುತ್ತಾರೆ. ಪೂರ್ತಿಯಾಗಿ ಕಳೆಯುವುದು ಸುಲಭವಲ್ಲ. ಬಾಗಲಕೋಟೆಯ ಕೂಡಲಸಂಗಮಕ್ಕೆ ವಚನ ಸಾಹಿತ್ಯದ ಪುಟಗಳಿಂದ ಬಂದ ಕೊಂಡಿಗಳ ತೂಕವೂ ಇದೆ, ಯಾತ್ರಿಕರ ಒತ್ತುವಿಕೆಯೂ ಇದೆ. ಸೀನಾ ಭೀಮೆಗಳ ಕೂಡಲಕ್ಕೆ ಕನ್ನಡದಲ್ಲಿ ಅವೆರಡೂ ವಿರಳ.

ಕಡಿಮೆ ಪುಟಗಳಿರುವ ಭಾಷೆಗೆ ನಿಜವಾದ ತೊಂದರೆ ಬರುವುದು ಇಲ್ಲಿಯೇ. ಸಾಕ್ಷಿಗಳೇ ಇಲ್ಲದ ಕಡೆ ದಾರಿಹೋಕನ ಮಾತೇ ಸಾಕ್ಷ್ಯವಾಗುತ್ತದೆ. 2021ರ ಜೂನ್‌ನಲ್ಲಿ ‘ಭಾರತದ ಅತ್ಯಂತ ಕುರೂಪ ಭಾಷೆ ಯಾವುದು’ ಎಂಬರ್ಥದ ಇಂಗ್ಲಿಷ್ ಪ್ರಶ್ನೆಗೆ ಗೂಗಲ್ ‘ಕನ್ನಡ’ ಎಂದು ಉತ್ತರಿಸಿದ್ದು, ನಾಡಿನಲ್ಲಿ ಆಕ್ರೋಶವೆದ್ದದ್ದು, ಸಂಸ್ಥೆಯು ಉತ್ತರವನ್ನು ತೆಗೆದು ಕ್ಷಮೆ ಕೇಳಿದ್ದು ಎಲ್ಲರಿಗೂ ನೆನಪಿದೆ. ಅದು ಸಂಸ್ಥೆಯ ಅಭಿಪ್ರಾಯವಾಗಿರಲಿಲ್ಲ. ಅಪರಿಚಿತ ತಾಣವೊಂದರ ಸಾಲನ್ನು ಯಂತ್ರವು ಎತ್ತಿ ತೋರಿಸಿತ್ತು. ವಿವೇಕವುಳ್ಳ ಯಾರೂ ಅಂಥ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ. ಬರೆದ ಅವಿವೇಕಿಯ ಪುಟಕ್ಕೆ ಎದುರಾಳಿಗಳೇ ಇಲ್ಲವಾದ್ದರಿಂದ ಅದು ಮೇಲೆ ಬಂದಿರಬೇಕು. ಸಿಟ್ಟು ಸಹಜವಾದದ್ದೇ. ಆದರೆ ಆ ಸಿಟ್ಟಿನಲ್ಲಿ ಯಂತ್ರವು ಸ್ಥಾನ ನಿರ್ಣಯಿಸುವ ಬಗೆ ಹೆಚ್ಚು ಚರ್ಚೆಗೆ ಬರಲಿಲ್ಲ.

ಇನ್ನು, ಯಂತ್ರದ ಕಣ್ಣಿಗೇ ಬೀಳದ ಕನ್ನಡ ಬಹಳವಿದೆ. ಯುನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪಾದ ಲೇಖನವು ನಮಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ರೋಮನ್ ಅಕ್ಷರಗಳ ರಾಶಿ. ಮುದ್ರಿತ ಪುಟದ ಚಿತ್ರ ತೆಗೆದು ಏರಿಸಿದರೆ ಒತ್ತಕ್ಷರಗಳು ಬಂದಲ್ಲೆಲ್ಲ ಯಂತ್ರವು ಎಡವುತ್ತದೆ. ಕಾಲೇಜುಗಳ ವಾರ್ತಾಪತ್ರಗಳೂ ಸ್ಮರಣ ಸಂಚಿಕೆಗಳೂ ಬಹುತೇಕ ಈ ಎರಡು ರೂಪಗಳಲ್ಲೇ ಉಳಿದಿವೆ. ಪದಗಳೇ ದಕ್ಕದ ಮೇಲೆ ಕೊಂಡಿ, ಒತ್ತುವಿಕೆಗಳ ಮಾತೆಲ್ಲಿ?

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯಿಂದ ಬರುವ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದಲ್ಲಿ ತಮ್ಮೂರ ಶಾಸನ, ಜಾತ್ರೆ, ಹಾಡುಗಳ ಕುರಿತು ಬರೆಯುವ ಟಿಪ್ಪಣಿಗಳನ್ನು ಯುನಿಕೋಡ್‌ನಲ್ಲಿ ಟೈಪಿಸಿ ವಿಭಾಗದ ಜಾಲಪುಟಕ್ಕೆ ಏರಿಸಬಹುದು. ಆಗ ಕೊಂಡಿಯನ್ನು ‘ಇಲ್ಲಿ ಒತ್ತಿರಿ’ ಎಂಬ ಪದಗಳ ಮೇಲೆ ಹಾಕದೆ ‘ಹತ್ತರಸಂಗ ಕೂಡಲದ ಶಾಸನ’ ಎಂಬ ಪದಗಳ ಮೇಲೆಯೇ ಹಾಕಬೇಕು. ಊರ ಹೆಸರನ್ನು ಕನ್ನಡದ ರೂಪದಲ್ಲಿಯೂ ಮರಾಠಿಯ ರೂಪದಲ್ಲಿಯೂ ಒಮ್ಮೊಮ್ಮೆ ಬರೆದಿಡಬೇಕು. ನದಿಯಾಚೆ ಇಂಡಿಯ ಕಡೆಯಿಂದ ಹುಡುಕುವವನು ‘ಕೂಡಲ’ ಎಂದು ಬರೆಯುತ್ತಾನೆ, ಈಚೆಯವನು ‘ಕುಡಲ್’ ಎಂದು.