ಯಾರೋ ಆಡಿಟ್ಟ ಆಟ

ಖಾನಾಪುರದ ನಮ್ಮ ಮನೆಯಲ್ಲಿ ಕಾಕಾನ ಹಳೆಯ ಟಿವಿ ಗೇಮ್ ಒಂದಿತ್ತು. ಬೆಳಗಾವಿಯ ಖಡೇಬಜಾರಿನಲ್ಲಿ ಕೊಂಡದ್ದು. ಮಳೆಗಾಲದಲ್ಲಿ ಕ್ಯಾಸೆಟ್ ಹಿಡಿಯದೇ ಹೋದರೆ ಬಾಯಿಂದ ಊದಿ ಮತ್ತೆ ಸಿಗಿಸುತ್ತಿದ್ದೆವು. ಅದು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಎಂದು ತಿಳಿದದ್ದು ನಾನು ಬಿಇಗೆ ಸೇರಿದ ಮೇಲೆ. ಊದಿದರೆ ಬಾಯಿಯ ತೇವಕ್ಕೆ ಪಿನ್ನುಗಳು ಇನ್ನಷ್ಟು ಹಾಳಾಗುತ್ತವೆ ಎಂಬುದೂ ಆಗಲೇ ಗೊತ್ತಾಯಿತು.

ಅಸಲಿ ಜಪಾನಿ ಆಟ ಆಡಬೇಕೆಂಬ ಹಂಬಲ ಅಲ್ಲಿಂದ ಶುರು. ಎಂಟನೇ ತರಗತಿ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಿನಲ್ಲಿ ಹಳೆಯ ಗೇಮ್ ಬಾಯ್ ಮತ್ತು ‘ಪೊಕೆಮಾನ್ ಗ್ರೀನ್’ ಕ್ಯಾಸೆಟ್ ತರಿಸಿದೆ. 1996ರ ಫೆಬ್ರುವರಿಯಲ್ಲಿ ಬಂದ ಈ ಹಸಿರು ಆವೃತ್ತಿಯನ್ನು ನಿಂಟೆಂಡೊ ಜಪಾನಿನ ಹೊರಗೆ ಮಾರಲೇ ಇಲ್ಲ. ಗೇಮ್ ಬಾಯ್‌ನಲ್ಲಿ ಮಾತ್ರ ಯಾವ ದೇಶದ ಕ್ಯಾಸೆಟ್ ಹಾಕಿದರೂ ನಡೆಯುತ್ತದೆ. ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಓದಾಕ ಬರಲಾರದ ಆಟಕ್ಕ ಇಷ್ಟ ರೊಕ್ಕ ಹಾಕೀಯೇನ್?” ಎಂದರು.

ಅವರ ಮಾತು ಸುಳ್ಳಲ್ಲ. ಪರದೆಯ ಮೇಲಿನ ಒಂದಕ್ಷರವೂ ಗೊತ್ತಾಗಲಿಲ್ಲ. ಪುಣ್ಯಕ್ಕೆ ಈ ಆಟದಲ್ಲಿ ಕಷ್ಟದ ಕಾಂಜಿ ಅಕ್ಷರಗಳಿಲ್ಲ. ಇರುವುದು ಹಿರಗಾನ, ಕತಕಾನ ಮಾತ್ರ. ಅವುಗಳ ಪಟ್ಟಿ ನೋಡಿ ಬೆರಗಾದೆ. ಅ, ಇ, ಉ, ಎ, ಒ. ಮುಂದೆ ಕ, ಸ, ತ, ನ, ಹ, ಮ, ಯ, ರ, ವ. ಹೆಚ್ಚುಕಡಿಮೆ ನಮ್ಮ ವರ್ಣಮಾಲೆಯ ಸಾಲೇ! ಬೌದ್ಧ ಭಿಕ್ಷುಗಳು ಓದುತ್ತಿದ್ದ ಸಂಸ್ಕೃತದ ಅಕ್ಷರಕ್ರಮ ಜಪಾನನ್ನೂ ಮುಟ್ಟಿತ್ತು. ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ದಿನಕ್ಕೊಂದು ಸಾಲು ಕಲಿತೆ.

ನಾನು ಮೊದಲು ಓದಿದ ಜಪಾನಿ ಪದ ಒಂದು ಹೆಸರು. ಕ್ಯಾಸೆಟ್‌ನಲ್ಲಿ ಹಿಂದಿನವರು ಆಡಿ ಸೇವ್ ಮಾಡಿದ್ದ ಆಟ ಹಾಗೇ ಇತ್ತು. ಮೂರಕ್ಷರದ ಹೆಸರು, ಎಂಟು ಬ್ಯಾಡ್ಜ್, 96 ಗಂಟೆ. ಅದರಲ್ಲಿ ಒಂದೇ ಆಟ ಸೇವ್ ಮಾಡಲು ಜಾಗ. ನನ್ನದನ್ನು ಸೇವ್ ಮಾಡಿದರೆ ಅದು ಅಳಿಯುತ್ತದೆ. ಹಾಗಾಗಿ ಆಡುತ್ತಿದ್ದೆ, ಸೇವ್ ಮಾಡುತ್ತಿರಲಿಲ್ಲ.

ಸೇವ್ ಆದ ಆಟ ಇರುವುದು ಎಸ್‌ರ‍್ಯಾಮ್ ಚಿಪ್‌ನಲ್ಲಿ. ಅದನ್ನು ಕಾಯುವುದು ಒಳಗಿನ 3 ವೋಲ್ಟ್‌ನ ಪುಟ್ಟ ಬ್ಯಾಟರಿ. ಮಲ್ಟಿಮೀಟರ್ ಹಿಡಿದರೆ 2.5 ತೋರಿಸಿತು. ಇನ್ನು ಹೆಚ್ಚು ದಿನ ಬಾಳದು ಎನ್ನಿಸಿ, ಒಂದು ರಾತ್ರಿ ಸೋಲ್ಡರಿಂಗ್ ಐರನ್ ಹಿಡಿದು ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆ. ಬೆಸುಗೆ ಚೆನ್ನಾಗಿಯೇ ಕೂತಿತು. ಆನ್ ಮಾಡಿದರೆ ‘ಮುಂದುವರಿಸು’ ಎನ್ನುವ ಸಾಲೇ ಇಲ್ಲ! ವಿದ್ಯುತ್ ತಪ್ಪಿದರೆ ಎಸ್‌ರ‍್ಯಾಮ್ ಎಲ್ಲವನ್ನೂ ಮರೆಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನೇ.

“ಮೊದಲ ಕಂಪ್ಯೂಟರ್‌ಗೆ ಕಾಪಿ ಮಾಡ್ಕೊಂಡು ಆಮ್ಯಾಲೆ ಬಿಚ್ಚಬೇಕಿತ್ತಲ್ಲೋ!” ಎಂದು ಗೆಳೆಯ ಬೈದ. ಕಾರ್ಟ್ರಿಡ್ಜ್ ರೀಡರ್ ಎಂಬ ಸಣ್ಣ ಸಾಧನವಿದ್ದರೆ ಅದು ಕೆಲವೇ ನಿಮಿಷಗಳ ಕೆಲಸ. ಹಳೆಯ ಆಟ ತರಿಸುವ ಗೆಳೆಯರೇ, ನನ್ನ ತಪ್ಪನ್ನು ನೀವು ಮಾಡಬೇಡಿ.

ಬಸ್ಸಿನಲ್ಲಿ ಕಲಿತ ಅಕ್ಷರ ಮಾತ್ರ ಉಳಿದಿದೆ. ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ ಪುಣೆ, ಬೆಂಗಳೂರಿನಲ್ಲೂ ನಡೆಯುತ್ತದೆ. ಅದರ ಮೊದಲ ಮೆಟ್ಟಿಲು ಎನ್5ಗೆ ಈಗ ಓದುತ್ತಿದ್ದೇನೆ. ಅಪ್ಪ ಆಗಾಗ, “ಈಗರ ಓದಾಕ ಬರ್ತದೇನ್?” ಎಂದು ಕೇಳುತ್ತಾರೆ.

ಮೊನ್ನೆ ಆಟವನ್ನು ಮೊದಲಿಂದ ಶುರು ಮಾಡಿದೆ. ಹೆಸರು ಕೇಳಿತು. ಅಕ್ಷರ ತಿದ್ದಲೆಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದ ಆ ಮೂರಕ್ಷರಗಳನ್ನೇ ಹಾಕಿದೆ.